ಕಿಟಕಿ ಕೀಳೋದಕ್ಕೊಂದು ಪರ್ಮಿಷನ್ನು

ಬೇರೆಯವರ ಮನೆಯಲ್ಲಿ ಕಿಟಕಿ ಹಾಳಾದರೆ ಹೊಸ ಕಿಟಕಿ ಬರುತ್ತೆ. ನಮ್ಮ ಮನೆಯಲ್ಲಿ ಕಿಟಕಿ ಹಾಳಾದರೆ ನನಗೆ ಬಿ.ಪಿ. ಬರುತ್ತೆ. ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಸಲೀಸಾಗಿ ಮುಗಿಯಿತು ಅನ್ನೋದು ನಮ್ಮ ವಂಶದಲ್ಲೇ ಇಲ್ಲ. ಬೋರ್‌ವೆಲ್ ಕೊರೆಸಿದರೆ ಪಕ್ಕದ ಮನೆಯವರ ಬಾವಿಯಲ್ಲಿ ನೀರು ಬರುತ್ತೆ. ನಾಯಿ ಸಾಕಿದರೆ ಅದು ಬೀದಿಯವರಿಗೆಲ್ಲ ಬಾಲ ಅಲ್ಲಾಡಿಸಿ ನಮ್ಮನ್ನ ನೋಡಿ ಬೊಗಳುತ್ತೆ. ಹೀಗಿರುವಾಗ ಒಂದು ಕಿಟಕಿ ಬದಲಾಯಿಸೋದಕ್ಕೆ ನಗರಸಭೆಯ ಪರ್ಮಿಷನ್ ತರೋಕೆ ಹೊರಟ ನನ್ನ ಪಾಡು ಏನಾಗಿರಬೇಕು, ನೀವೇ ಊಹಿಸಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕರಲ್ಲಿ ನಮ್ಮೂರು ಯಾವುದು ಅಂತ ಮಾತ್ರ ಕೇಳಬೇಡಿ. ನಮಗೆ ನಲ್ಲಿ ನೀರು ಬಿಡೋರೂ ಆ ನಗರಸಭೆಯವರೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಕುಡುಮಲಕುಂಟೆ ಕಡೆ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಯಾರ ತಲೆ ಮೇಲೂ ಏನೂ ಬೀಳದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ, ಅದಕ್ಕೇ ನನಗೆ ಸಂಬಳ. ದಿನವೆಲ್ಲ ಅಲ್ಲಿ ಕಂಡಕಂಡವರಿಗೆ ಬುದ್ಧಿ ಹೇಳಿ ಸಂಜೆ ಮನೆಗೆ ಬಂದರೆ, ನಮ್ಮ ಮನೆಯ ಕಿಟಕಿಯೇ ಯಾರ ತಲೆ ಮೇಲೆ ಬೀಳಲಿ ಅಂತ ನೋಡ್ತಾ ನಿಂತಿರುತ್ತಿತ್ತು.

ಹಗ್ಗ

ಮನೆ ತಾತನ ಕಾಲದ್ದು. ಮಹಡಿಯ ಮೇಲೆ ಬೀದಿಗೆ ಮುಖ ಮಾಡಿ ಆಳೆತ್ತರದ ಮರದ ಕಿಟಕಿ, ಅದಕ್ಕೆ ಕಬ್ಬಿಣದ ಕಂಬಿಗಳು. ನೋಡೋಕೆ ಗಂಭೀರವಾಗಿತ್ತು, ಒಳಗೆ ಮಾತ್ರ ಗೆದ್ದಲು ಪೂರ್ತಿ ತಿಂದು ಮುಗಿಸಿತ್ತು. ಚೌಕಟ್ಟು ಗೋಡೆ ಬಿಟ್ಟು ಬೀದಿ ಕಡೆಗೆ ವಾಲಿತ್ತು. ಕೈ ಇಟ್ಟರೆ ಮಕ್ಕಳ ಹಾಲುಹಲ್ಲಿನ ಥರ ಅಲ್ಲಾಡುತ್ತಿತ್ತು.

ಅಲ್ಲಾಡಿಕೊಂಡು ಸುಮ್ಮನೆ ಇದ್ದಿದ್ದರೆ ಯೋಚನೆ ಇರಲಿಲ್ಲ. ಆದರೆ ಆ ಕಿಟಕಿ ನಮ್ಮಮ್ಮನ ಅಂಗಡಿ ಬೀದಿ. ಅಮ್ಮನಿಗೆ ಮಂಡಿ ನೋವು, ದಿನಾ ಮೆಟ್ಟಿಲು ಹತ್ತಿ ಇಳಿಯೋಕೆ ಆಗಲ್ಲ. ಬೆಳಿಗ್ಗೆ ಎದ್ದು ಕಿಟಕಿ ಹತ್ತಿರ ಕೂತರೆ ಸೊಪ್ಪು, ಹೂವು, ಸೌತೆಕಾಯಿ ಎಲ್ಲಾ ಅಲ್ಲಿಂದಲೇ ವ್ಯಾಪಾರ. ಕಂಬಿ ಸಂದಿಯಿಂದ ಒಂದು ಚೀಲ ಇಳಿಬಿಟ್ಟು, ಚೌಕಾಸಿ ಮಾಡಿ, ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಅಂದರೆ ಮಾರೋಕೆ ಬಂದವರೆಲ್ಲ ಸರಿಯಾಗಿ ಕಿಟಕಿಯ ಕೆಳಗೇ ನಿಲ್ಲಬೇಕು. ಅದರಲ್ಲೂ ಹೂವಿನಮ್ಮ ದಿನಾ ಎರಡು ಹೊತ್ತೂ ಬಂದು ಬುಟ್ಟಿ ಇಳಿಸಿ, ತಲೆ ಎತ್ತಿ ಊರ ಸಮಾಚಾರ ಎಲ್ಲ ಒಪ್ಪಿಸಿಯೇ ಹೋಗೋದು. ಅವಳು ತಲೆ ಎತ್ತಿದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು. ಆ ಕಿಟಕಿ ಬಿದ್ದರೆ ಬೀಳೋದು ಅವಳ ಮೇಲೆಯೇ. ಆಮೇಲೆ ನಾನು ಯಾವ ಮುಖ ಇಟ್ಟುಕೊಂಡು ಫ್ಯಾಕ್ಟರಿಯಲ್ಲಿ ಸೇಫ್ಟಿ ಕ್ಲಾಸು ತಗೊಳ್ಳಲಿ?

"ಅಮ್ಮಾ, ನೀನು ಕೆಳಗಡೆ ರೂಮಿಗೆ ಬಂದುಬಿಡು" ಅಂದೆ.

"ಕೆಳಗೆ ಕೂತ್ರೆ ಬರೀ ಜನದ ಸೊಂಟ ಕಾಣ್ತದೆ ಕಣೋ. ಮುಖ ನೋಡ್ದೆ ಹೆಂಗ್ ಮಾತಾಡದು?" ಅಂದಳು.

ಸರಿ, ಹೊಸ ಕಿಟಕಿ ಬರೋವರೆಗೆ ಇರಲಿ ಅಂತ ಗಟ್ಟಿಯಾದ ನೈಲಾನ್ ಹಗ್ಗ ತಂದೆ. ಕಂಬಿಗಳಿಗೆ ಬಿಗಿದು, ಸೂರಿನಲ್ಲಿ ನನ್ನ ತೊಟ್ಟಿಲು ಕಟ್ಟಿದ್ದ ಕೊಕ್ಕೆ ಇನ್ನೂ ಇತ್ತಲ್ಲ, ಅದಕ್ಕೆ ಎಳೆದು ಕಟ್ಟಿದೆ. ಕಿಟಕಿ ಅಲ್ಲಾಡೋದು ನಿಂತಿತು. ಅವತ್ತು ನೆಮ್ಮದಿಯಾಗಿ ಡ್ಯೂಟಿಗೆ ಹೋದೆ.

ಸಂಜೆ ಬಂದು ನೋಡ್ತೀನಿ, ಹಗ್ಗದ ಉದ್ದಕ್ಕೂ ಅಮ್ಮನ ಒದ್ದೆ ಸೀರೆ, ಟವಲು, ಅದರ ಪಕ್ಕ ಹಾಸಿಗೆ ಹೊದಿಕೆ. ಹಗ್ಗ ಕೆಳಗೆ ಜಗ್ಗಿ ಕಿಟಕಿ ಕಿರ್ ಅಂತಿದೆ.

"ಅಮ್ಮಾ, ಇದು ಕಿಟಕಿ ಬೀಳದೆ ಇರಲಿ ಅಂತ ಕಟ್ಟಿರೋ ಹಗ್ಗ. ಇಷ್ಟು ಭಾರ ಹಾಕಿದೀಯಲ್ಲ."

ಅಮ್ಮ ಒಂದು ಸೀರೆಯನ್ನ ಮುಟ್ಟಿ ನೋಡಿ ಹೇಳಿದಳು, "ಒಣಗಿದ ಮ್ಯಾಲೆ ಅಷ್ಟು ಭಾರ ಇರಕಿಲ್ಲ ಬಿಡು."

ಹೂವಿನಮ್ಮನ ಹೆಲ್ಮೆಟ್ಟು

ಅಮ್ಮನಿಗೆ ಹೇಳಿ ಉಪಯೋಗ ಇಲ್ಲ, ಕೆಳಗೆ ನಿಲ್ಲೋಳಿಗಾದರೂ ಹೇಳೋಣ ಅಂತ ಹೂವಿನಮ್ಮನನ್ನ ಹಿಡಿದೆ.

"ನೋಡಮ್ಮ, ಈ ಕಿಟಕಿ ಯಾವಾಗ ಬೇಕಾದ್ರೂ ಬೀಳಬಹುದು. ನೀನು ಆ ಕಡೆ ಪಕ್ಕದಲ್ಲಿ ನಿಂತ್ಕೊ."

ಅವಳು ಕಿಟಕಿ ನೋಡಿದಳು, ನನ್ನ ನೋಡಿದಳು. "ಆ ಕಡೆ ನಿಂತ್ರೆ ಅಮ್ಮಾರ ಚೀಲ ಸಿಗಕಿಲ್ಲವಲ್ಲ ಸ್ವಾಮಿ. ಅದೂ ಅಲ್ದೆ ಆ ಕಡೆ ಮೋರಿ."

ಮಾರನೇ ದಿನ ಫ್ಯಾಕ್ಟರಿ ಸ್ಟೋರ್ಸಿನವನನ್ನ ಕಾಡಿ ಬೇಡಿ ಒಂದು ಹಳದಿ ಹೆಲ್ಮೆಟ್ಟು ತಂದೆ. ನಮ್ಮ ಫ್ಯಾಕ್ಟರಿಯಲ್ಲಿ ಹಾಕುತ್ತಾರಲ್ಲ, ಅದೇ. ಹೂವಿನಮ್ಮನಿಗೆ ಕೊಟ್ಟು, "ನಮ್ಮ ಮನೆ ಮುಂದೆ ಬಂದಾಗ ಇದನ್ನ ಹಾಕ್ಕೊ, ನನ್ನ ಸಮಾಧಾನಕ್ಕೆ" ಅಂತ ಕೈ ಮುಗಿದೆ. ಅವಳು ಭಕ್ತಿಯಿಂದ ಎರಡು ಕೈಯಲ್ಲೂ ಇಸ್ಕೊಂಡು ಕಣ್ಣಿಗೆ ಒತ್ತಿಕೊಂಡಳು. ನನಗೂ ಎಷ್ಟೋ ಹಗುರ ಆಯಿತು. ಅಷ್ಟು ವರ್ಷ ಫ್ಯಾಕ್ಟರಿಯಲ್ಲಿ ಯಾರೂ ಹೆಲ್ಮೆಟ್ಟನ್ನ ಕಣ್ಣಿಗೆ ಒತ್ತಿಕೊಂಡಿದ್ದನ್ನ ನಾನು ನೋಡಿರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಹೂವಿನಮ್ಮ ಕಿಟಕಿ ಕೆಳಗೆ ಬರೀ ತಲೆಯಲ್ಲಿ ನಿಂತಿದಾಳೆ. ಹೆಲ್ಮೆಟ್ಟು ಬುಟ್ಟಿಯಲ್ಲಿ ಅಂಗಾತ ಮಲಗಿದೆ, ಅದರ ತುಂಬಾ ಬಿಡಿ ಕನಕಾಂಬರ.

"ಏನಮ್ಮ ಇದು?"

"ಹಾಕ್ಕೊಂಡೆ ಸ್ವಾಮಿ, ಇಲ್ಲ ಅನ್ನಬ್ಯಾಡಿ. ತಲೇಲಿರೋ ಹೂವೆಲ್ಲ ನಲುಗೋಯ್ತು. ನಲುಗಿದ ಹೂವು ಮುಡ್ಕೊಂಡು ಹೂವು ಮಾರಿದ್ರೆ ಯಾರು ತಗೋತಾರೆ? ಇದಕ್ಕಾದ್ರೆ ಭಾಳ ಚೆನ್ನಾಗೈತೆ, ಹೂವು ಬಾಡಲ್ಲ. ಇನ್ನೊಂದು ಸಿಗ್ತದಾ? ಸೇವಂತಿಗೆಗೆ."

ಅಳತೆ

ಕಿಟಕಿ ಮಾಡೋನನ್ನ ಕರೆಸಿದೆ. ಅಲ್ಯೂಮಿನಿಯಂ ಕಿಟಕಿಯಲ್ಲಿ ನಮ್ಮ ಕಡೆ ಹೆಸರುವಾಸಿ. ಮಂಚೇನಹಳ್ಳಿ ಆಚೆಯ ಹಳ್ಳಿಯವನು, ಮನೇಲಿ ತೆಲುಗು, ವ್ಯಾಪಾರಕ್ಕೆ ಕನ್ನಡ, ಗಾಬರಿ ಆದರೆ ಎರಡೂ ಸೇರಿ ಬರುತ್ತೆ. ಮೇಲೆ ಬಂದು ಕಿಟಕಿ ನೋಡಿದೋನು ಬಾಗಿಲಲ್ಲೇ ನಿಂತ.

"ಬಾರಯ್ಯ, ಅಳತೆ ತಗೊ."

"ವದ್ದು ಸಾರ್, ಬ್ಯಾಡ. ನಾನ್ ಅದರ ಹತ್ರ ಬರಲ್ಲ. ನಂಗೆ ಇಬ್ರು ಮಕ್ಳವರೆ."

ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ನನ್ನನ್ನೇ ಕಿಟಕಿ ಹತ್ತಿರ ಕಳಿಸಿದ. ಅಂದರೆ ನನಗೂ ಮಕ್ಕಳಿದಾರೆ ಅನ್ನೋದು ಅವನಿಗೆ ಲೆಕ್ಕಕ್ಕಿಲ್ಲ. ನಾನು ಉಸಿರು ಬಿಗಿ ಹಿಡಿದು, ಚೌಕಟ್ಟಿಗೆ ಟೇಪು ತಾಗಿತೋ ಇಲ್ಲವೋ ಅನ್ನೋ ಹಾಗೆ ಹಿಡಿದೆ. ಅವನು ಬಾಗಿಲಿಂದಲೇ "ಸ್ವಲ್ಪ ಒತ್ತಿ ಹಿಡೀರಿ ಸಾರ್" ಅಂದ. ಒತ್ತಿದರೆ ಕಿಟಕಿ ಹೋಗುತ್ತೆ ಅಂತ ನಾನು, ಒತ್ತದಿದ್ದರೆ ಅಳತೆ ತಪ್ಪುತ್ತೆ ಅಂತ ಅವನು. ಕೊನೆಗೆ ಬೀದಿಗೆ ಇಳಿದು, ಎದುರು ಮನೆ ಜಗುಲಿ ಹತ್ತಿ, ಫೋನಿನಲ್ಲಿ ಒಂದು ಫೋಟೊ ಹೊಡೆದು "ಆಯ್ತು ಸಾರ್, ಸುಮಾರಾಗಿ ಗೊತ್ತಾಯ್ತು" ಅಂದ.

"ಸರಿ, ಯಾವಾಗ ಹಾಕ್ತೀಯ?"

"ಪರ್ಮಿಷನ್ ತಗೊಂಡಿದೀರಾ?"

"ಕಿಟಕಿಗೆ ಎಂಥ ಪರ್ಮಿಷನ್ನಯ್ಯ?"

ಅವನು ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ಸಾರ್, ಇದು ರಸ್ತೆ ಕಡೆ ಗೋಡೆ. ಚೌಕಟ್ಟು ಕೀಳ್ಬೇಕಂದ್ರೆ ಗೋಡೆ ಒಡೀಬೇಕು, ರಸ್ತೇಲಿ ಬೊಂಬು ನಿಲ್ಸಿ ಸಾರ್ವೆ ಕಟ್ಬೇಕು. ಹೋದ್ಸಲ ಬೇರೆ ಊರಲ್ಲಿ ಹಿಂಗೇ ಕೈ ಹಾಕ್ದೆ. ನಗರಸಭೆಯವ್ರು ಬಂದು ಅರ್ಧಕ್ಕೆ ನಿಲ್ಸಿ ನನ್ನ ಡ್ರಿಲ್ಲಿಂಗ್ ಮಿಷೀನು ಎತ್ಕೊಂಡೋದ್ರು. ಆ ಮನೆಯವ್ರು ಮಳೆಗಾಲ ಪೂರ್ತಿ ಗೋಣಿಚೀಲ ಕಟ್ಕೊಂಡು ಕೂತಿದ್ರು. ಪರ್ಮಿಷನ್ ಇಲ್ದೆ ನಾನು ಮುಟ್ಟಲ್ಲ."

"ಅಷ್ಟರಲ್ಲಿ ಅದು ಬಿದ್ದುಹೋದ್ರೆ?"

ಅವನ ಮುಖ ಅರಳಿತು. "ಆವಾಗ ಫೋನ್ ಮಾಡಿ ಸಾರ್. ಬಿದ್ದ ಮೇಲೆ ಅಳತೆ ತಗೊಳ್ಳೋದು ಸುಲಭ."

ಕಂಪ್ಯೂಟರಿನಲ್ಲಿ ಕಿಟಕಿ ಇಲ್ಲ

ಹೋದೆ ನಗರಸಭೆಗೆ. ಕೌಂಟರಿನಲ್ಲಿ ಕಂಪ್ಯೂಟರ್ ಆಪರೇಟರು, ಪಾಪ ಒಳ್ಳೆಯವನೇ, ತಲೆ ಎತ್ತದೆ ಕೇಳಿದ, "ಏನ್ ಕಟ್ತಿದೀರ ಸಾರ್?"

"ಏನೂ ಕಟ್ತಿಲ್ಲ. ಹಳೇ ಕಿಟಕಿ ತೆಗೆದು ಹೊಸಾದು ಹಾಕ್ಬೇಕು."

ಅವನು ಪರದೆಯ ಮೇಲೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಹುಡುಕಿದ. "ಕಿಟಕಿ ಅಂತ ಆಪ್ಷನ್ನೇ ಇಲ್ಲ ಸಾರ್. ಹೊಸ ಮನೆ ಇದೆ. ಮೇಲೊಂದು ಮಹಡಿ ಇದೆ. ಕಾಂಪೌಂಡ್ ಇದೆ. ಕಲ್ಯಾಣ ಮಂಟಪ ಇದೆ."

"ಕಲ್ಯಾಣ ಮಂಟಪ ಬೇಡಪ್ಪ."

"ಮಹಡಿ ಅಂತ ಹಾಕ್ಲಾ?"

"ಇರೋ ಮಹಡಿನೇ ಉದುರ್ತಾ ಇದೆ. ಇನ್ನೊಂದು ಎಲ್ಲಿಗೆ ಹಾಕ್ಲಿ?"

ಅವನು ಮತ್ತೆ ಹುಡುಕಿದ. ಆಮೇಲೆ ದಾರಿ ಸಿಕ್ಕಿದವನ ಥರ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಸಾರ್, ಇಲ್ಲೊಂದಿದೆ. ಕಟ್ಟಡ ಪೂರ್ತಿ ಕೆಡವೋದು. ಇದಕ್ಕಾದ್ರೆ ಬೇಗ ಆಗೋಗುತ್ತೆ. ಮನೆ ಕೆಡವಿದ್ಮೇಲೆ ಕಿಟಕಿನೂ ಅದರಲ್ಲೇ ಬಂತಲ್ಲ."

ನನಗೆ ಬೆವರು ಕಿತ್ತುಕೊಂಡು ಬಂತು. "ಅದನ್ನ ಮಾತ್ರ ಒತ್ತಬೇಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ" ಅಂತ ಅವನ ಕೈ ಹಿಡಿದುಕೊಂಡೆ. ಅಮ್ಮ ಕಿಟಕಿಯಲ್ಲಿ ಕೂತು ಸೊಪ್ಪು ಚೌಕಾಸಿ ಮಾಡೋವಾಗ ಬುಲ್ಡೋಜರ್ ಬಂದು ನಿಂತ ಹಾಗೆ ಕಣ್ಣ ಮುಂದೆ ಬಂದುಬಿಟ್ಟಿತ್ತು. ನಮ್ಮ ಗಲಾಟೆ ಕೇಳಿ ಒಳಗಿಂದ ಹಿರಿಯ ಗುಮಾಸ್ತರೊಬ್ಬರು ಬಂದರು. ವಿಷಯ ಕೇಳಿ, ಬಿಳಿ ಹಾಳೆಯಲ್ಲಿ ಬರೆದುಕೊಡಿ, ಹೀಗೆ ಬರೀರಿ ಅಂತ ಅವರೇ ಹೇಳಿ ಬರೆಸಿದರು: 'ಶಿಥಿಲಗೊಂಡಿರುವ ಹಳೆಯ ಕಿಟಕಿಯನ್ನು ತೆಗೆದು ಹೊಸ ಕಿಟಕಿ ಅಳವಡಿಸಲು ಅನುಮತಿ ಕೋರಿ.' ಇದರ ಜೊತೆ ಮನೆ ಮುಂದೆ ಓನರು ನಿಂತಿರೋ ಒಂದು ಫೋಟೊ ಬೇಕು, ಆಮೇಲೆ ಇಂಜಿನಿಯರ್ ಬಂದು ಸ್ಥಳ ನೋಡುತ್ತಾರೆ ಅಂದರು.

ಬದುಕಿದೆ ಅಂತ ಹೊರಡುವಾಗ ಆಪರೇಟರು ಹಿಂದಿನಿಂದ ಕರೆದ. "ಇನ್ನೊಂದ್ಸಲ ಯೋಚನೆ ಮಾಡಿ ಸಾರ್. ಕಲ್ಯಾಣ ಮಂಟಪ ಅಂದ್ರೆ ಎಷ್ಟು ಕಿಟಕಿ ಬೇಕಾದ್ರೂ ಇಡಬಹುದು."

ಓನರ್ ಫೋಟೊ

ಮನೆಯ ಖಾತೆ ಅಮ್ಮನ ಹೆಸರಲ್ಲಿದೆ. ಅಂದರೆ ಓನರು ಅಮ್ಮ. ಫೋಟೊದಲ್ಲಿ ಓನರೂ ಕಾಣಬೇಕು, ಕಿಟಕಿಯೂ ಕಾಣಬೇಕು. ಕಿಟಕಿ ಇರೋದು ಮೇಲೆ, ಅಮ್ಮ ನಿಲ್ಲಬೇಕಾಗಿರೋದು ಕೆಳಗೆ. ಇಷ್ಟು ದಿನ ಹೂವಿನಮ್ಮನಿಗೆ ನಿಲ್ಲಬೇಡ ನಿಲ್ಲಬೇಡ ಅಂತ ಬೇಡಿಕೊಂಡ ಜಾಗಕ್ಕೆ ಈಗ ಹೆತ್ತ ತಾಯಿಯನ್ನ ನನ್ನ ಕೈಯಾರೆ ನಿಲ್ಲಿಸಬೇಕು.

ರಸ್ತೆಯ ಆಚೆ ನಿಲ್ಲಿಸಿ ಹೊಡೆದೆ. ಎದುರು ಮನೆಯ ಗೇಟು ಅಮ್ಮನ ಹಿಂದೆ ಬಂತು. ಅಮ್ಮ ಅದನ್ನ ನೋಡಿ, "ಇದು ಅವ್ರ ಮನೆ ಕಣೋ. ಅವ್ರ ಮನೆ ನಂದು ಅಂತ ಬರ್ಕೊಟ್ರೆ ಜಗಳ ಆಗಕಿಲ್ವಾ?" ಅಂದಳು. ನಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಕಿಟಕಿ ಬರಲಿಲ್ಲ. ಬೇರೆ ದಾರಿಯೇ ಇಲ್ಲ ಅಂತ ಆಯಿತು.

"ಅಮ್ಮಾ, ಬೇಗ ಹೋಗಿ ನಿಲ್ಲು, ನಾನು ಹೊಡೀತೀನಿ, ಬೇಗ ಬಂದುಬಿಡು."

"ಸರ್ಕಾರಕ್ಕೆ ಹೋಗೋ ಫೋಟೊ. ಹಿಂಗೇ ನಿಲ್ಲಕ್ಕಾಗ್ತದಾ?" ಅಂತ ಒಳಗೆ ಹೋದವಳು ಮದುವೆಗೆ ಉಡೋ ರೇಷ್ಮೆ ಸೀರೆ ಉಟ್ಟು, ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡು ಬಂದಳು. ಬಂದು ಸರಿಯಾಗಿ ಕಿಟಕಿ ಕೆಳಗೆ ನಿಂತು ನೆರಿಗೆ ಸರಿ ಮಾಡಿಕೊಳ್ಳೋಕೆ ಶುರು ಮಾಡಿದಳು. ಮೇಲೆ ಕಿಟಕಿ ಕಿರ್ ಅಂದಿತು. ತಡೆಯೋಕಾಗದೆ ಓಡಿಹೋಗಿ, ಅಲ್ಲೇ ಬುಟ್ಟಿ ಇಳಿಸಿಕೊಂಡು ನೋಡ್ತಾ ನಿಂತಿದ್ದ ಹೂವಿನಮ್ಮನ ಹೆಲ್ಮೆಟ್ಟು ಕಿತ್ತುಕೊಂಡು, ಹೂವು ಸುರಿದು, ಅಮ್ಮನ ತಲೆ ಮೇಲೆ ಇಟ್ಟು ಫೋಟೊ ಹೊಡೆದೆ.

ಮಾರನೇ ದಿನ ಕೌಂಟರಿನಲ್ಲಿ ಆಪರೇಟರು ಆ ಫೋಟೊವನ್ನ ಬಹಳ ಹೊತ್ತು ನೋಡಿದ. ಜರಿ ಸೀರೆ, ಕುಂಕುಮ, ಹಳದಿ ಹೆಲ್ಮೆಟ್ಟು, ಅದರ ಅಂಚಿಗೆ ಅಂಟಿಕೊಂಡ ಎರಡು ಕನಕಾಂಬರ.

"ಸಾರ್, ನಾವು ಓನರ್ ಫೋಟೊ ಕೇಳಿದ್ದು" ಅಂದ. "ಮೇಸ್ತ್ರಿ ಫೋಟೊ ಬೇಕಿಲ್ಲ."

ಆಷಾಢ

ಅರ್ಜಿ ಕೊಟ್ಟೆ. ಇವತ್ತು ಬರ್ತಾರೆ ನಾಳೆ ಬರ್ತಾರೆ ಅಂತ ಇಂಜಿನಿಯರಿಗೆ ಕಾಯುತ್ತಾ ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಗೊತ್ತಲ್ಲ, ಒಣಹಾಕಿದ ಪಂಚೆ ಪಕ್ಕದ ಬೀದಿಗೆ ಹೋಗಿ ಹುಡುಕಬೇಕು. ಕಿಟಕಿ ಹಗಲೂ ರಾತ್ರಿ ನರಳೋಕೆ ಶುರು ಮಾಡಿತು. ಹಗ್ಗಕ್ಕೆ ಇನ್ನೊಂದು ಹಗ್ಗ ಸೇರಿಸಿದೆ.

ಫ್ಯಾಕ್ಟರಿಯಲ್ಲಿ ಕೂತರೂ ಜೀವ ಮನೇಲೇ. ಹೊರಗೆ ತಗಡು ಪಟಪಟ ಅಂದರೆ ಸಾಕು, ನಮ್ಮ ಕಿಟಕಿ ಹೋಯಿತು ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಹೊಸದಾಗಿ ಸೇರಿದವರ ಎದುರು ನಿಂತು, ಗಾಬರಿ ಆಗದೆ ಇರೋದೇ ಸೇಫ್ಟಿಯ ಮೊದಲ ಪಾಠ ಅಂತ ಹೇಳಿಕೊಡ್ತಿದ್ದೆ. ಹೆಂಡತಿಯ ಫೋನು ಬಂತು. ಅವಳು ಹಲೋ ಅನ್ನೋಕೂ ಬಿಡದೆ ಕೂಗಿದೆ, "ಯಾರ ಮೇಲೆ ಬಿತ್ತು? ಜೀವ ಇದೆಯಾ?"

ಅವಳು, "ಬರೋವಾಗ ನುಗ್ಗೇಕಾಯಿ ತರ್ತೀರಾ ಅಂತ ಕೇಳಕ್ಕೆ ಮಾಡ್ದೆ ರೀ" ಅಂದಳು. ಹೊಸಬರೆಲ್ಲ ನನ್ನನ್ನೇ ನೋಡುತ್ತಿದ್ದರು.

ಇನ್ನು ಸಾಕು, ಪರ್ಮಿಷನ್ನೂ ಬೇಡ ಏನೂ ಬೇಡ, ನಾನೇ ಎರಡಾಳು ಕರೆದು ಒಳಗಡೆಯಿಂದ ಕಿಟಕಿ ಬಿಚ್ಚಿ ಇಳಿಸಿಬಿಡ್ತೀನಿ, ಬಂದದ್ದು ಬರಲಿ ಅಂತ ನಿರ್ಧಾರ ಮಾಡಿ ಮನೆಗೆ ಬಂದೆ. ಅಮ್ಮ ಅಡ್ಡ ನಿಂತಳು.

"ಆಷಾಢದಲ್ಲಿ ಚೌಕಟ್ಟು ಕೀಳಬಾರ್ದು. ಮನೆಗೆ ಆಗಿಬರಕಿಲ್ಲ."

"ಅಮ್ಮಾ, ಗಾಳಿಗೆ ಗೊತ್ತಾ ಆಷಾಢ ಅಂತ? ಹಿಂಗೇ ಬೀಸಿದ್ರೆ ತಾನೇ ಬಿದ್ದೋಗುತ್ತೆ. ಹೂವಿನಮ್ಮನ ಗತಿ ಏನು?"

ಅಮ್ಮ ನನ್ನ ಕಡೆ ನೋಡಿ ನಿಧಾನವಾಗಿ ಬಿಡಿಸಿ ಹೇಳಿದಳು. "ತಾನಾಗೇ ಬಿದ್ರೆ ದೋಷ ಇಲ್ಲ ಕಣಪ್ಪ. ನಾವು ಕೀಳಬಾರ್ದು ಅಷ್ಟೆ."

ಸಾಹೇಬರು ಬರ್ತಾರೆ

ಅಂತೂ ಶ್ರಾವಣ ಹುಟ್ಟಿತು. ನಗರಸಭೆಯಿಂದ ಗುಮಾಸ್ತರು ಫೋನ್ ಮಾಡಿದರು. "ನಾಳೆ ಇಂಜಿನಿಯರ್ ಸಾಹೇಬ್ರು ಬರ್ತಾರೆ. ಕಿಟಕಿ ಶಿಥಿಲ ಆಗಿರೋದು ಅವ್ರ ಕಣ್ಣಿಗೆ ಕಾಣ್ಬೇಕು, ಅಷ್ಟೇ. ಕಂಡ್ರೆ ಅಲ್ಲೇ ಸೈನ್ ಹಾಕ್ತಾರೆ."

ನನಗೆ ಆದ ಸಂತೋಷಕ್ಕೆ ಮನೆಯಲ್ಲಿ ಎಲ್ಲರಿಗೂ ಕೂಗಿ ಹೇಳಿದೆ, "ನಾಳೆ ಸಾಹೇಬ್ರು ನಮ್ಮ ಕಿಟಕಿ ನೋಡಕ್ಕೆ ಬರ್ತಾರೆ." ಅಷ್ಟು ಹೇಳಿ ಸುಮ್ಮನಾದೆ. ಅದೇ ನಾನು ಮಾಡಿದ ದಡ್ಡತನ. ಗೆದ್ದಲು ಕಾಣಬೇಕು, ಸಂದಿ ಕಾಣಬೇಕು ಅಂತ ಬಿಡಿಸಿ ಹೇಳಬೇಕಿತ್ತು.

ಬೆಳಿಗ್ಗೆ ಡ್ಯೂಟಿಗೆ ಹೋಗಿ, ಅರ್ಧ ದಿನ ರಜ ಹಾಕಿ, ಮಧ್ಯಾಹ್ನ ಬಸ್ ಸ್ಟ್ಯಾಂಡಿನಿಂದ ನೇರ ನಗರಸಭೆಗೆ ಹೋದೆ. ಇಂಜಿನಿಯರ್ ಸಾಹೇಬರು ಇನ್ನೂ ಚಿಕ್ಕ ವಯಸ್ಸು. ಹೊಸ ಬೈಕು, ಅದರ ಮೇಲಿನ ಧೂಳನ್ನ ಕರ್ಚೀಫಿನಲ್ಲಿ ಒರೆಸಿಯೇ ಹತ್ತೋದು. ನನ್ನನ್ನ ಹಿಂದೆ ಕೂರಿಸಿಕೊಂಡು ಬಂದು, ನಮ್ಮ ಮನೆ ಗೋಡೆಗೆ ಒತ್ತಿಕೊಂಡು ನೆರಳು ನೋಡಿ ಬೈಕು ನಿಲ್ಲಿಸಿದರು. ನಾನು ಅವರಿಗೆ ದಾರಿಯುದ್ದಕ್ಕೂ ಕಿಟಕಿಯ ದುರವಸ್ಥೆ ವರ್ಣಿಸಿದ್ದೇ ವರ್ಣಿಸಿದ್ದು, ಆ ಭರದಲ್ಲಿ ತಲೆ ಎತ್ತಿ ನೋಡಲೂ ಇಲ್ಲ. "ನೋಡಿದ್ರೆ ನಿಮಗೇ ಭಯ ಆಗುತ್ತೆ ಸಾರ್" ಅಂತ ಮೆಟ್ಟಿಲು ಹತ್ತಿಸಿಕೊಂಡು ಹೋಗಿ ರೂಮಿನ ಬಾಗಿಲು ತೆಗೆದೆ.

ಕಿಟಕಿ ತಳತಳ ಹೊಳೀತಾ ಇದೆ. ಗೆದ್ದಲು ತಿಂದ ತೂತಿಗೆಲ್ಲ ಮೇಣ ಮೆತ್ತಿ, ಮೇಲೆ ಕಂದು ಬಣ್ಣದ ಪೇಂಟು ಹೊಡೆದಿದಾರೆ. ಕಂಬಿಗಳಿಗೆ ಕರೀ ಬಣ್ಣ. ಹೊಸ ಹೂವಿನ ಪರದೆ. ಮೇಲೆ ಮಾವಿನ ತೋರಣ. ಕೆಳಗೆ ಸಾಹೇಬರಿಗೆ ಅಂತ ಕುರ್ಚಿ, ಸ್ಟೂಲಿನ ಮೇಲೆ ಕೇಸರಿಬಾತು. ಪಕ್ಕದಲ್ಲಿ ಅಮ್ಮನೂ ನನ್ನ ಹೆಂಡತಿಯೂ ನಗುಮುಖ ಮಾಡಿಕೊಂಡು ನಿಂತಿದಾರೆ.

"ಏನೇ ಇದು?" ಅಂದೆ ಹೆಂಡತಿಗೆ, ಮೆಲ್ಲಗೆ.

"ಸಾಹೇಬ್ರು ನೋಡಕ್ಕೆ ಬರ್ತಾರೆ ಅಂದ್ರಲ್ಲ ರೀ. ಅತ್ತೆ ಹೇಳಿದ್ರು, ಇಬ್ರೂ ಸೇರಿ ಬೆಳಿಗ್ಗೆಯಿಂದ ಒದ್ದಾಡಿ ಮಾಡಿದೀವಿ."

"ಮನೆಗೆ ದೊಡ್ಡವರು ಬರೋವಾಗ ಗೆದ್ದಲು ತೋರ್ಸಕ್ಕಾಗ್ತದಾ? ಮಾನ ಮರ್ಯಾದೆ ಬ್ಯಾಡ್ವಾ?" ಅಂತ ಅಮ್ಮ ಸೇರಿಸಿದಳು.

ಇಂಜಿನಿಯರ್ ಸಾಹೇಬರು ಅರ್ಜಿ ನೋಡಿದರು, ಕಿಟಕಿ ನೋಡಿದರು. "ಏನ್ರೀ, ಶಿಥಿಲ ಅಂತ ಬರ್ದಿದೀರಾ. ಇಂಥ ಕಿಟಕಿ ನಮ್ಮನೇಲಿ ಇಲ್ಲ. ಇದಕ್ಕೇನಾಗಿದೆ?"

ಆವಾಗಲೇ ನಾನು ಸೂರಿನ ಕಡೆ ನೋಡಿದ್ದು. ಕೊಕ್ಕೆ ಖಾಲಿ. ಹಗ್ಗ ಇಲ್ಲ.

"ಹಗ್ಗ ಎಲ್ಲಿ?" ಅಂದೆ.

"ಅಸಹ್ಯವಾಗಿ ಕಾಣ್ತಿತ್ತು, ಬಿಚ್ಚಿಟ್ವಿ" ಅಂದಳು ಅಮ್ಮ.

ಅದೇ ಹೊತ್ತಿಗೆ ಕೆಳಗಿನ ಬೀದಿಯಿಂದ ಹೂವಿನಮ್ಮನ ಕೂಗು ಕೇಳಿಸಿತು. ನಾನು "ಸಾರ್, ಮುಟ್ಟಬೇಡಿ" ಅನ್ನೋದಕ್ಕೂ ಸಾಹೇಬರು "ಎಷ್ಟು ಗಟ್ಟಿಯಾಗಿದೆ ನೋಡ್ರೀ ಇದು" ಅಂತ ಒಂದು ಕಂಬಿ ಹಿಡಿದು ಜೋರಾಗಿ ಅಲ್ಲಾಡಿಸೋದಕ್ಕೂ ಸರಿಹೋಯಿತು. ಕಂಬಿ ಅವರ ಕೈಗೆ ಬಂತು. ಉಳಿದ ಕಿಟಕಿ, ಚೌಕಟ್ಟು, ಬಾಗಿಲು, ಪರದೆ, ತೋರಣ ಎಲ್ಲಾ ಒಟ್ಟಿಗೆ ನಿಧಾನವಾಗಿ ಹೊರಗೆ ವಾಲಿ, ಕಣ್ಣ ಮುಂದೆಯೇ ಇಲ್ಲವಾಯಿತು. ಜೊತೆಗೆ ಸಾಹೇಬರೂ ಮುಂದಕ್ಕೆ ಹೊರಟಿದ್ದರು. ನಾನು ಹಿಂದಿನಿಂದ ಅವರ ಬೆಲ್ಟು ಹಿಡಿದು ಎಳೆದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ನಿಜವಾಗಿ ಒಬ್ಬರನ್ನ ಉಳಿಸಿದ್ದು ಅದೊಂದೇ ಸಲ.

ಕೆಳಗೆ ದಡಾರ್ ಅಂತ ಸದ್ದು. ಆಮೇಲೆ ಏನೂ ಇಲ್ಲ. ಹೂವಿನಮ್ಮನ ಕೂಗೂ ಇಲ್ಲ.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಬೀದಿ ತುಂಬ ಧೂಳು. ಧೂಳಿನಲ್ಲಿ ಹೂವು ಚೆಲ್ಲಾಡಿ ಬಿದ್ದಿತ್ತು, ಬುಟ್ಟಿ ಬೋರಲಾಗಿ ಬಿದ್ದಿತ್ತು. ಎಷ್ಟು ತಿಂಗಳಿಂದ ಯಾವುದಕ್ಕೆ ಹೆದರಿಕೊಂಡು ಸಾಯುತ್ತಿದ್ದೆನೋ ಅದೇ ಆಗಿಹೋಯಿತು ಅಂತ ಅಲ್ಲೇ ಮೆಟ್ಟಿಲ ಮೇಲೆ ಕುಸಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನಾನು ಇಲ್ಲಿವ್ನಿ ಸ್ವಾಮಿ" ಅಂತ ರಸ್ತೆ ಆಚೆಯಿಂದ ಸ್ವರ ಬಂತು. ಹೂವಿನಮ್ಮ ಮೋರಿ ಕಟ್ಟೆಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ನಾನ್ ನಿಲ್ಲೋ ಜಾಗದಾಗೆ ಯಾವನೋ ಪುಣ್ಯಾತ್ಮ ಬೈಕು ನಿಲ್ಸಿದ್ದ. ಅವನಿಗೆ ಬಯ್ಕೊಂಡು ಈ ಕಡೆ ಬಂದಿದ್ದೆ. ಸದ್ದಿಗೆ ಬೆಚ್ಚಿ ಬುಟ್ಟಿ ಕೈ ಬಿಟ್ಟೆ ನೋಡಿ, ಉರುಳ್ಕೊಂಡೋಗಿ ಹೂವೆಲ್ಲ ಮಣ್ಣಾಯ್ತು."

ನಾನು ಅವಳನ್ನ ತಲೆಯಿಂದ ಕಾಲಿನವರೆಗೆ ಎರಡು ಸಲ ನೋಡಿದೆ. ಪೂರ್ತಿಯಾಗಿ ಇದ್ದಳು. ಆಮೇಲೆ ಬೈಕು ನೋಡಿದೆ. ಅದು ಪೂರ್ತಿಯಾಗಿ ಇರಲಿಲ್ಲ. ಕಿಟಕಿ ಅದರ ಮೇಲೆ ಮಲಗಿತ್ತು, ಹೆಡ್‌ಲೈಟಿಗೆ ಮಾವಿನ ತೋರಣ ಸುತ್ತಿಕೊಂಡಿತ್ತು.

ಮೇಲೆ ಬಂದೆ. ಸಾಹೇಬರು ಕಂಬಿ ಕೈಯಲ್ಲಿ ಹಿಡಿದುಕೊಂಡು, ಗೋಡೆಯಲ್ಲಿ ಆಗಿದ್ದ ಬಾಯಿಯ ಮುಂದೆ ಕೆಳಗಿದ್ದ ತಮ್ಮ ಬೈಕನ್ನೇ ನೋಡ್ತಾ ನಿಂತಿದ್ದರು. ಬಣ್ಣ ಹಸಿ ಇದ್ದದ್ದರಿಂದ ಅಂಗೈ ಕಪ್ಪಾಗಿತ್ತು. ಗಂಟಲು ಸರಿ ಮಾಡಿಕೊಂಡು, ಸಾಹೇಬರ ಗತ್ತು ಬಿಡದೆ ಹೇಳಿದರು, "ನೋಡ್ರೀ, ಈಗ ಸಮಸ್ಯೆ ಆಯ್ತು. ನೀವು ಅರ್ಜಿ ಕೊಟ್ಟಿರೋದು ಹಳೇ ಕಿಟಕಿ ತೆಗೆದು ಹೊಸಾದು ಹಾಕಕ್ಕೆ. ಈಗ ಇಲ್ಲಿ ಹಳೇ ಕಿಟಕಿನೇ ಇಲ್ಲ. ಇಲ್ಲದೇ ಇರೋದನ್ನ ತೆಗೆಯಕ್ಕೆ ನಾನು ಹೆಂಗೆ ಪರ್ಮಿಷನ್ ಕೊಡ್ಲಿ? ಈ ಅರ್ಜಿ ಕ್ಯಾನ್ಸಲ್ಲು. ಹೊಸದಾಗಿ ಗೋಡೆಯಲ್ಲಿ ಕಿಟಕಿ ಇಡ್ತೀವಿ ಅಂತ ಮೊದಲಿಂದ ಹಾಕ್ಬೇಕು."

ನನ್ನ ತಲೆ ಗಿರ್ ಅಂದಿತು. ಮತ್ತೆ ಆ ಕೌಂಟರು, ಮತ್ತೆ ಆ ಕಲ್ಯಾಣ ಮಂಟಪ.

ಅಮ್ಮ ಕೇಸರಿಬಾತಿನ ತಟ್ಟೆ ಸಾಹೇಬರ ಇನ್ನೊಂದು ಕೈಗೆ ಕೊಟ್ಟು, ಅವರ ಎದುರು ಬಂದು ನಿಂತಳು.

"ಅಲ್ಲ ಕಣಪ್ಪ ಸ್ವಾಮಿ, ನನಗೊಂದು ಅರ್ಥ ಆಗ್ಲಿಲ್ಲ. ಈ ಕಿಟಕಿ ಕೀಳಕ್ಕೆ ಪರ್ಮಿಷನ್ ಬೇಕು ಅಂತ ನನ್ ಮಗ ನಿಮ್ಮ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಈಗ ನೀನು ಬಂದು ಕೈಯಾರೆ ಕಿತ್ತೆ. ನೀನು ಯಾರ ಪರ್ಮಿಷನ್ ತಗಂಡು ಕಿತ್ತೆ?"

ಸಾಹೇಬರು ಅಮ್ಮನನ್ನ ನೋಡಿದರು. ತಮ್ಮ ಕೈಯಲ್ಲಿದ್ದ ಕಂಬಿ ನೋಡಿದರು. ಆಮೇಲೆ ಕಂಬಿಯನ್ನ ಮೆಲ್ಲಗೆ ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿ, "ಸೈನ್ ಎಲ್ಲಿ ಹಾಕ್ಬೇಕು ತೋರ್ಸಿ" ಅಂದರು.